ಮೊದಲ ಗಾಳದ ಕೋಲು: ಹೊಳೆ ನೋಡಿ ಕೊಳ್ಳೋಣ



ಕಳೆದ ಕ್ರಿಸ್ಮಸ್ ರಜೆಯಲ್ಲಿ ನಮ್ಮ ಸಂಘದ, ಪ್ಲಸ್ ಟು ಓದುವ ತಮ್ಮನೊಬ್ಬ ಹೊಸ ಫಿಶಿಂಗ್ ರಾಡ್ ಹಿಡಿದುಕೊಂಡು ಶಿರಿಯ ಹೊಳೆಯ ಬದಿಗೆ ಬಂದಿದ್ದ. ಗಲ್ಫಿನಲ್ಲಿರುವ ಅಪ್ಪ ಹಬ್ಬಕ್ಕೆಂದು ಕಳುಹಿಸಿದ ನಾಲ್ಕು ಸಾವಿರ ರೂಪಾಯಿ ಪೂರ್ತಿ ಅದಕ್ಕೇ ಹೋಗಿತ್ತು. ಕಡಲ ತೀರದಲ್ಲಿ ನಿಂತು ತೆರೆಗಳಾಚೆಗೆ ಎಸೆಯುವ ಹನ್ನೆರಡು ಅಡಿಯ ರಾಡ್ ಅದು. ನಮ್ಮ ಹೊಳೆಬದಿಯಲ್ಲಿ ತಲೆಯ ಮೇಲೆ ತೆಂಗಿನ ಗರಿ, ಹಿಂದೆ ಕಾಂಡ್ಲ ಗಿಡ. ಬೀಸಲು ಜಾಗವೇ ಇಲ್ಲ. ಅರ್ಧ ಗಂಟೆಯಲ್ಲಿ ಅವನ ಕೈ ಸೋತಿತು. ಪಕ್ಕದಲ್ಲಿ ಬಿದಿರಿನ ಕೋಲು ಹಿಡಿದು ಕುಳಿತಿದ್ದ ಅಜ್ಜ ಮೂರು ಕರಿಮೀನು ಹಿಡಿದು ಮನೆಗೆ ಹೋದರು. ಆ ರಾಡ್ ಕಪಾಟಿನ ಮೇಲೆ ಸೇರಿತು.

ಅವನನ್ನು ನಾನು ದೂರುವುದಿಲ್ಲ. ಮೊಬೈಲಿನಲ್ಲಿ ನಾವು ನೋಡುವುದು ದೊಡ್ಡ ಮೀನು, ದೊಡ್ಡ ರಾಡ್ ಮಾತ್ರ. ಆದರೆ ನನ್ನ ಅಭಿಪ್ರಾಯ ಇಷ್ಟೇ: ಮೊದಲ ರಾಡನ್ನು ಕನಸಿನ ಮೀನಿಗಾಗಿ ಕೊಳ್ಳಬಾರದು, ನಾವು ದಿನಾ ಹೋಗುವ ನೀರಿಗಾಗಿ ಕೊಳ್ಳಬೇಕು.

ಹೊಳೆ, ಅಳಿವೆ, ಕೆರೆಗೆ ಆರೂವರೆಯಿಂದ ಏಳು ಅಡಿಯ, 'ಮೀಡಿಯಂ' ಎಂದು ಬರೆದಿರುವ ಸ್ಪಿನ್ನಿಂಗ್ ರಾಡ್ ಧಾರಾಳ ಸಾಕು. ಹಿಡಿಯ ಮೇಲೆ ಗ್ರಾಂ ಲೆಕ್ಕ ಬರೆದಿರುತ್ತದೆ; ಎಷ್ಟು ತೂಕವನ್ನು ಎಸೆಯಬಹುದು ಎಂಬುದು ಅದರ ಅರ್ಥ. ಕಲಿಯುವವರಿಗೆ 10ರಿಂದ 30 ಗ್ರಾಂ ಸರಿ. ಅದಕ್ಕೆ 2500 ಅಥವಾ 3000 ಸೈಜಿನ ರೀಲ್, 10–12 ಪೌಂಡಿನ ನೈಲಾನ್ ದಾರ. ಬಿಎಸ್ಸಿಯಲ್ಲಿ ಓದಿದ ಸನ್ನೆಕೋಲಿನ ಪಾಠ ಇಲ್ಲೂ ಇದೆ: ಕೋಲು ಉದ್ದವಾದಷ್ಟೂ ಮೀನಿನ ಎಳೆತ ನಮ್ಮ ಮಣಿಕಟ್ಟಿಗೆ ಹೆಚ್ಚು ಭಾರ.

ಫೈಬರ್ ಗ್ಲಾಸ್ ರಾಡ್ ಸ್ವಲ್ಪ ಭಾರ, ಆದರೆ ಕಲ್ಲಿಗೆ ತಾಗಿದರೂ ಸುಲಭಕ್ಕೆ ಮುರಿಯುವುದಿಲ್ಲ. ಕಾರ್ಬನ್ ಹಗುರ, ಮೀನು ಮುಟ್ಟಿದ್ದು ಬೇಗ ತಿಳಿಯುತ್ತದೆ. ಪೆಟ್ಟು ಮಾತ್ರ ತಾಳುವುದಿಲ್ಲ. ಅದರಲ್ಲಿ ವಿದ್ಯುತ್ ಕೂಡ ಹರಿಯುತ್ತದೆ. ಕರೆಂಟ್ ತಂತಿಯ ಕೆಳಗೆ, ಸಿಡಿಲು ಮಿಂಚಿನ ಹೊತ್ತಿನಲ್ಲಿ ಯಾವ ರಾಡನ್ನೂ ಎತ್ತಬೇಡಿ. ಒಂದರೊಳಗೊಂದು ಜಾರಿ ಸೇರುವ ಮಡಚುವ ರಾಡ್ ಬಸ್ಸಿಗೆ ಅನುಕೂಲ, ಆದರೆ ಮರಳು ಹೊಕ್ಕರೆ ಗಂಟುಗಳು ಕಚ್ಚಿಕೊಳ್ಳುತ್ತವೆ. ಎರಡು ತುಂಡಿನ ರಾಡೇ ವಾಸಿ. ಅಂಗಡಿಯಲ್ಲೇ ಪ್ರತಿ ಉಂಗುರದೊಳಗೆ ಹತ್ತಿ ಎಳೆದು ನೋಡಿ. ಹತ್ತಿ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ; ದಾರ ಅಲ್ಲೇ ತುಂಡಾಗುತ್ತದೆ.

"ಕೊಳ್ಳುವುದಾದರೆ ಒಳ್ಳೆಯದನ್ನೇ ಒಮ್ಮೆಗೆ ಕೊಳ್ಳಬಾರದೇ ಅಣ್ಣಾ?" ಎಂದು ಕೆಲವರು ಕೇಳುತ್ತಾರೆ. ನಾಲ್ಕು ತಿಂಗಳು ನೀರಿನ ಬದಿಯಲ್ಲಿ ಕೂರದೆ ನಮಗೆ ಯಾವುದು ಒಳ್ಳೆಯದು ಎಂದು ತಿಳಿಯುವುದೇ ಇಲ್ಲ. ಪೇತ್ರರು ಬಲೆ ಹಾಕುತ್ತಿದ್ದವರು. ಅವರಿಗೆ ಗಾಳ ಹಾಕಲು ಹೇಳಿದ ಮಾತು ಶುಭಸಂದೇಶಗಳಲ್ಲಿ ಒಂದೇ ಕಡೆ, ಮತ್ತಾಯನ 17ನೇ ಅಧ್ಯಾಯದಲ್ಲಿ ಬರುತ್ತದೆ. ಅಲ್ಲೂ ಕೋಲಿನ ಸುದ್ದಿಯಿಲ್ಲ!

ಆದ್ದರಿಂದ ಕೊಳ್ಳುವ ಮೊದಲು ಒಂದು ಭಾನುವಾರ ಪೂಜೆ ಮುಗಿಸಿ ನಮ್ಮ ಜೊತೆ ಬನ್ನಿ. ನನ್ನ ರಾಡನ್ನೂ ಅಜ್ಜನ ಬಿದಿರನ್ನೂ ಕೈಯಲ್ಲಿ ಹಿಡಿದು ನೋಡಿ. ಮರಿಮೀನು ಸಿಕ್ಕರೆ ಬಿಟ್ಟುಬಿಡೋಣ. ತುಂಡಾದ ದಾರವನ್ನು ಹಕ್ಕಿಯ ಕಾಲಿಗೆ ಸುತ್ತಿಕೊಳ್ಳದಂತೆ ಮನೆಗೆ ತರೋಣ. ಮಳೆಗಾಲದ ಕೆಂಪು ನೀರಿಗೆ ಮಾತ್ರ ಯಾರೂ ಇಳಿಯುವುದು ಬೇಡ.

ಆ ತಮ್ಮ ಈಗ ಅಜ್ಜನ ಪಕ್ಕ ಬಿದಿರು ಹಿಡಿದು ಕೂರುತ್ತಾನೆ. ಮೊನ್ನೆ ಅವನ ಮೊದಲ ಕರಿಮೀನು ಸಿಕ್ಕಿತು. ಗಲ್ಫಿಗೆ ಫೋಟೋ ಹೋಯಿತು. ಅಪ್ಪ ಕೇಳಿದರಂತೆ: "ರಾಡ್ ಎಲ್ಲಿ ಮಗಾ?"