ಟ್ರೇಡಿಂಗಿಗೆ ಬೇರೆ ಖಾತೆ
ದೀರ್ಘಾವಧಿ ಹೂಡಿಕೆಯನ್ನೂ ಟ್ರೆಂಡ್ ನೋಡಿ ಮಾಡುವ ಟ್ರೇಡಿಂಗನ್ನೂ ಒಂದೇ ಡಿಮ್ಯಾಟ್ ಖಾತೆಯಲ್ಲಿ ಕಲಸಿಡುವವರನ್ನು ಕಂಡರೆ ನನಗೆ ದಿಗಿಲು. 2020ರಲ್ಲಿ ಕೊಂಡ ನೂರು ಇನ್ಫೋಸಿಸ್ ಷೇರು ಇವೆಯೆನ್ನಿ. ಬೆಲೆ ಏರುತ್ತಿದೆಯೆಂದು ಕಳೆದ ತಿಂಗಳು ಇನ್ನೂ ಐವತ್ತು ಕೊಂಡು, ಇವತ್ತು ಐವತ್ತು ಮಾರಿದಿರಿ. ನಿಮ್ಮ ಮನಸ್ಸಿನಲ್ಲಿ ಹೋದದ್ದು ಹೊಸದು. ತೆರಿಗೆ ಲೆಕ್ಕದಲ್ಲಿ ಮೊದಲು ಬಂದದ್ದೇ ಮೊದಲು ಹೋಗುತ್ತದೆ. ಹಳೆಯ ಐವತ್ತು ಷೇರುಗಳ ಮೇಲೆ ಅಷ್ಟು ವರ್ಷ ಕೂಡಿಟ್ಟ ಲಾಭವೆಲ್ಲ ಈ ವರ್ಷದ ಲೆಕ್ಕಕ್ಕೇ ಬಂತು: ವರ್ಷಕ್ಕೆ 1.25 ಲಕ್ಷ ರೂಪಾಯಿ ದಾಟಿದ ಭಾಗಕ್ಕೆ ಶೇ. 12.5 ತೆರಿಗೆ. ಈ ಸರದಿ ಖಾತೆವಾರು ನಡೆಯುವುದರಿಂದ ಟ್ರೇಡಿಂಗಿಗೆಂದೇ ಇನ್ನೊಂದು ಖಾತೆ ತೆರೆದರೆ ಈ ತಲೆನೋವಿಲ್ಲ. ಅದಕ್ಕೆ ಹಣದ ಹತ್ತನೇ ಒಂದು ಪಾಲು ಸಾಕೆಂಬುದು ನನ್ನ ಪಟ್ಟು (ಟ್ರೇಡರ್ ಗೆಳೆಯರು ನಗಲಿ). ಸ್ಟಾಪ್‌ಲಾಸ್ ಮುರಿದ ಷೇರನ್ನು ಮಾರಲು ಮನಸ್ಸಾಗದೆ, ‘ಇರಲಿ ಬಿಡು, ಇದು ಲಾಂಗ್ ಟರ್ಮ್’ ಎಂದು ಹೂಡಿಕೆಯ ಖಾತೆಗೆ ದಾಟಿಸುವ ಚಾಳಿಗೆ ಮಾತ್ರ ಯಾವ ಖಾತೆಯೂ ಮದ್ದಲ್ಲ.