‘ಮನಸ್ಸು ಸರಿಯಿಲ್ಲ’ ಎಂದು ಆಟ ಬಿಟ್ಟವರು ಹೇಡಿಗಳೇ? ಹರಿದಾಡುವ ಐದು ಮಾತುಗಳು ಮತ್ತು ವಾಸ್ತವ

ದೊಡ್ಡ ಆಟಗಾರರೊಬ್ಬರು ‘ಮಾನಸಿಕವಾಗಿ ಸರಿಯಿಲ್ಲ, ಸದ್ಯಕ್ಕೆ ಆಡುವುದಿಲ್ಲ’ ಎಂದು ಹೇಳಿದರೆ ಸಾಕು, ನಮ್ಮ ಫೋನ್‌ಗಳಿಗೆ ಒಂದೇ ಬಗೆಯ ಸಂದೇಶಗಳು ಬರತೊಡಗುತ್ತವೆ. ‘ಈಗಿನವರಿಗೆ ಗಟ್ಟಿತನವೇ ಇಲ್ಲ’, ‘ದೇಶಕ್ಕೆ ಮೋಸ ಮಾಡಿದರು’, ‘ಕೋಟಿ ಕೋಟಿ ಎಣಿಸುವವರಿಗೆ ಎಂಥ ಖಿನ್ನತೆ?’ ಹೀಗೆ. ಪಕ್ಕದಲ್ಲಿ ಗಡಿ ಕಾಯುವ ಸೈನಿಕನ ಚಿತ್ರವೂ ಇರುತ್ತದೆ.

ಇಂಥ ಸಂದೇಶಗಳು ಅತಿ ಹೆಚ್ಚು ಹರಿದಾಡಿದ ಪ್ರಸಂಗಗಳಲ್ಲಿ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಅವರದೂ ಒಂದು. ಈ ಮಾತುಗಳನ್ನು ಒಂದೊಂದಾಗಿ ಎತ್ತಿಕೊಂಡು, ಅವುಗಳಲ್ಲಿ ಎಷ್ಟು ನಿಜವಿದೆ ಎಂದು ನಾವು ಇಲ್ಲಿ ನೋಡೋಣ.

ಮೊದಲಿಗೆ, ನಡೆದದ್ದು ಏನು?

2020ರಲ್ಲಿ ನಡೆಯಬೇಕಿದ್ದ ಟೋಕಿಯೊ ಒಲಿಂಪಿಕ್ಸ್ ಕೋವಿಡ್ ಕಾರಣಕ್ಕೆ 2021ರಲ್ಲಿ ನಡೆಯಿತು. ಬೈಲ್ಸ್ ಅವರಿಗೆ ಆಗ 24 ವರ್ಷ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 4 ಚಿನ್ನ, 1 ಕಂಚು ಗೆದ್ದಿದ್ದ ಅವರ ಮೇಲೆ ಇಡೀ ದೇಶದ ಕಣ್ಣಿತ್ತು. 2021ರ ಜುಲೈ 27ರಂದು ತಂಡ ವಿಭಾಗದ ಫೈನಲ್. ಬೈಲ್ಸ್ ವಾಲ್ಟ್ ಮೇಲಿಂದ ಹಾರಿದರು. ಗಾಳಿಯಲ್ಲಿ ದೇಹವನ್ನು ಎರಡೂವರೆ ಸುತ್ತು ತಿರುಗಿಸಬೇಕಿತ್ತು. ಒಂದೂವರೆ ಸುತ್ತಿಗೇ ನಿಂತುಹೋಯಿತು. ಹೇಗೋ ಕಾಲೂರಿ ಇಳಿದರು. ನಂತರ ತರಬೇತುದಾರರ ಜತೆ ಮಾತನಾಡಿ ಉಳಿದ ಸ್ಪರ್ಧೆಯಿಂದ ಹಿಂದೆ ಸರಿದರು. ಅಮೆರಿಕ ತಂಡಕ್ಕೆ ಬೆಳ್ಳಿ ಬಂತು.

ಆಮೇಲೆ ಅವರು ನಾಲ್ಕು ವೈಯಕ್ತಿಕ ಫೈನಲ್‌ಗಳನ್ನೂ ಬಿಟ್ಟುಕೊಟ್ಟರು. ಆಗಸ್ಟ್ 3ರಂದು ಬ್ಯಾಲೆನ್ಸ್ ಬೀಮ್ ಫೈನಲ್‌ನಲ್ಲಿ ಮಾತ್ರ ಕಣಕ್ಕಿಳಿದು ಕಂಚು ಗೆದ್ದರು. ಈ ಒಂದು ವಾರದಲ್ಲಿ ಅವರಿಗೆ ಸಿಕ್ಕ ಬೆಂಬಲ ದೊಡ್ಡದು. ಸಿಕ್ಕ ಬೈಗುಳವೂ ಅಷ್ಟೇ ದೊಡ್ಡದು. ಸ್ವಾರ್ಥಿ, ಹೇಡಿ, ದೇಶಕ್ಕೆ ಅವಮಾನ ಎಂಬೆಲ್ಲ ಮಾತುಗಳು ಬಂದವು.

ಮಾತು 1: ‘ಮೂಳೆ ಮುರಿದಿಲ್ಲ, ಆಡಲು ಏನು ಕಷ್ಟ?’

ಈ ಮಾತಿನ ಹಿಂದೆ ಒಂದು ತಪ್ಪು ಕಲ್ಪನೆ ಇದೆ. ದೇಹ ಬೇರೆ, ಮನಸ್ಸು ಬೇರೆ. ಪೆಟ್ಟು ಅಂದರೆ ದೇಹಕ್ಕೆ ಆಗುವುದು ಮಾತ್ರ ಎಂಬ ಕಲ್ಪನೆ ಅದು.

ಬೈಲ್ಸ್ ಅವರಿಗೆ ಆಗಿದ್ದನ್ನು ಜಿಮ್ನಾಸ್ಟ್‌ಗಳು ‘ಟ್ವಿಸ್ಟೀಸ್’ ಎಂದು ಕರೆಯುತ್ತಾರೆ. ಗಾಳಿಯಲ್ಲಿ ತಿರುಗುತ್ತಿರುವಾಗ ನೆಲ ಎಲ್ಲಿದೆ, ತಲೆ ಯಾವ ಕಡೆಗಿದೆ, ಎಷ್ಟು ಸುತ್ತು ಆಯಿತು ಎಂಬ ಅರಿವೇ ತಪ್ಪಿಹೋಗುವ ಸ್ಥಿತಿ ಇದು.

ನಮ್ಮ ದೇಹ ಎಲ್ಲಿದೆ, ಹೇಗಿದೆ ಎಂಬುದು ಮಿದುಳಿಗೆ ಮೂರು ದಾರಿಗಳಿಂದ ತಿಳಿಯುತ್ತದೆ: ಕಣ್ಣು, ಒಳಕಿವಿಯಲ್ಲಿರುವ ಸಮತೋಲನದ ಅಂಗ, ಸ್ನಾಯು ಮತ್ತು ಕೀಲುಗಳಿಂದ ಬರುವ ಸೂಚನೆಗಳು. ಇವನ್ನೆಲ್ಲ ಜೋಡಿಸಿ ದೇಹವನ್ನು ತಿರುಗಿಸುವ ಕೆಲಸ ಯೋಚಿಸಿ ಮಾಡುವಂಥದ್ದಲ್ಲ. ಸಾವಿರಾರು ಬಾರಿ ಅಭ್ಯಾಸ ಮಾಡಿದ ಮೇಲೆ ಅದು ತಾನಾಗಿಯೇ ನಡೆಯುತ್ತದೆ. ಒತ್ತಡ, ದಣಿವು, ಆತಂಕ ಹೆಚ್ಚಾದಾಗ ಈ ‘ತಾನಾಗಿಯೇ’ ಎಂಬುದು ಕೈಕೊಡಬಹುದು.

ಇದರ ಸಣ್ಣ ರೂಪ ನಮಗೂ ಗೊತ್ತು. ಮನೆಯಲ್ಲಿ ಕಣ್ಣು ಮುಚ್ಚಿ ಹಾಕುವ ಸಹಿಯನ್ನೇ ಬ್ಯಾಂಕ್ ಗುಮಾಸ್ತರು ನೋಡುತ್ತಾ ನಿಂತಾಗ ಹಾಕಲು ಹೋದರೆ ಕೈ ತಡವರಿಸುತ್ತದೆ. ಬೆರಳಿಗೆ ಏನೂ ಆಗಿರುವುದಿಲ್ಲ. ನಮ್ಮ ಸಹಿ ತಪ್ಪಿದರೆ ಇನ್ನೊಂದು ಹಾಳೆ ಸಿಗುತ್ತದೆ. ವಾಲ್ಟ್ ಮೇಲಿಂದ ಹಾರಿದವರಿಗೆ ಇರುವುದು ಸುಮಾರು ಒಂದು ಸೆಕೆಂಡ್ ಮಾತ್ರ. ಲೆಕ್ಕ ತಪ್ಪಿದರೆ ಕುತ್ತಿಗೆ ಅಥವಾ ಬೆನ್ನುಮೂಳೆ ನೆಲಕ್ಕೆ ಬಡಿಯುತ್ತದೆ.

ಬೈಲ್ಸ್ ಆ ದಿನಗಳಲ್ಲಿ ಅಭ್ಯಾಸ ಮಾಡುವಾಗ ಮೆತ್ತನೆಯ ಹಾಸಿನ ಮೇಲೆ ಅಡ್ಡಾದಿಡ್ಡಿ ಬೀಳುತ್ತಿದ್ದ ವಿಡಿಯೊಗಳನ್ನೂ ಹಂಚಿಕೊಂಡಿದ್ದರು. ಬೀಮ್ ಫೈನಲ್‌ನಲ್ಲಿ ಕೊನೆಗೆ ಕೆಳಗೆ ಜಿಗಿಯುವಾಗ ಸುತ್ತು ತಿರುಗುವ ಕಸರತ್ತನ್ನೇ ಬಿಟ್ಟು, ತಿರುಗದೆ ಇಳಿಯುವ ಬಗೆಯನ್ನು ಆರಿಸಿಕೊಂಡರು. ಅಂದರೆ, ಏನು ಮಾಡಬಹುದು, ಏನು ಮಾಡಬಾರದು ಎಂದು ಅಳೆದು ನೋಡಿಯೇ ಕಣಕ್ಕಿಳಿದಿದ್ದರು.

ಮಾತು 2: ‘ತಂಡಕ್ಕೆ ಕೈಕೊಟ್ಟರು, ಬೇರೆಯವರ ಅವಕಾಶ ಕಿತ್ತುಕೊಂಡರು’

ಇದಕ್ಕೆ ನಿಯಮವನ್ನೇ ನೋಡಬೇಕು. ತಂಡದ ಫೈನಲ್‌ನಲ್ಲಿ ಪ್ರತಿ ವಿಭಾಗಕ್ಕೆ ಮೂವರು ಸ್ಪರ್ಧಿಸುತ್ತಾರೆ, ಮೂವರ ಅಂಕವೂ ಲೆಕ್ಕಕ್ಕೆ ಬರುತ್ತದೆ. ಕಡಿಮೆ ಅಂಕವನ್ನು ಕೈಬಿಡುವ ಅವಕಾಶವಿಲ್ಲ. ತಂಡದಲ್ಲಿ ಇದ್ದವರು ನಾಲ್ವರು. ಬೈಲ್ಸ್ ಹಿಂದೆ ಸರಿದ ಮೇಲೂ ಮೂವರು ಉಳಿದರು. ಸ್ಥಿತಿ ಸರಿಯಿಲ್ಲದೆಯೂ ಅವರೇ ಮುಂದುವರಿದು ಬಿದ್ದಿದ್ದರೆ ಆ ಅಂಕ ಇಡೀ ತಂಡವನ್ನು ಕೆಳಗೆ ಎಳೆಯುತ್ತಿತ್ತು.

ವೈಯಕ್ತಿಕ ಫೈನಲ್‌ಗಳ ಕಥೆ ಇನ್ನೂ ಸ್ಪಷ್ಟ. ಅಲ್ಲಿ ಒಂದು ದೇಶದಿಂದ ಇಬ್ಬರಿಗೆ ಮಾತ್ರ ಅವಕಾಶ. ಬೈಲ್ಸ್ ಬಿಟ್ಟುಕೊಟ್ಟಿದ್ದರಿಂದ ವಾಲ್ಟ್ ಫೈನಲ್‌ಗೆ ಮೈಕೈಲಾ ಸ್ಕಿನ್ನರ್ ಬಂದರು, ಬೆಳ್ಳಿ ಗೆದ್ದರು. ಆಲ್‌ರೌಂಡ್ ಫೈನಲ್‌ನಲ್ಲಿ ಅವರ ಜಾಗಕ್ಕೆ ಜೇಡ್ ಕ್ಯಾರಿ ಬಂದರು. ಅದೇ ಸ್ಪರ್ಧೆಯ ಚಿನ್ನ ಅಮೆರಿಕದವರೇ ಆದ ಸುನಿಸಾ ಲೀ ಪಾಲಾಯಿತು. ಅವಕಾಶ ಕಿತ್ತುಕೊಂಡರು ಎಂಬ ಮಾತಿಗೆ ಇಲ್ಲಿ ಆಧಾರವಿಲ್ಲ.

ಮಾತು 3: ‘ಹಿಂದಿನವರು ಗಾಯವಾದರೂ ಆಡುತ್ತಿದ್ದರು’

ನಿಜ, ಆಡುತ್ತಿದ್ದರು. ಆದರೆ ಫಾರ್ವರ್ಡ್‌ಗಳು ಅರ್ಧ ಕಥೆಯನ್ನಷ್ಟೇ ಹೇಳುತ್ತವೆ.

ಬೈಲ್ಸ್ ಅವರನ್ನು ಹಳಿಯಲು ಹೆಚ್ಚು ಬಳಕೆಯಾದ ಹೆಸರು ಕೆರಿ ಸ್ಟ್ರಗ್. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಈ 18 ವರ್ಷದ ಹುಡುಗಿ ಕಾಲಿನ ಗಂಟಿಗೆ ಪೆಟ್ಟಾಗಿದ್ದರೂ ಎರಡನೇ ಬಾರಿ ವಾಲ್ಟ್ ಹಾರಿದರು, ತಂಡ ಚಿನ್ನ ಗೆದ್ದಿತು. ಈ ದೃಶ್ಯ ಇಂದಿಗೂ ‘ಎದೆಗಾರಿಕೆ’ ಎಂಬ ಹೆಸರಿನಲ್ಲಿ ಹರಿದಾಡುತ್ತದೆ. ಹೇಳದೆ ಬಿಡುವ ಭಾಗ ಇದು: ಕೊನೆಗೆ ಅಂಕಗಳನ್ನು ಕೂಡಿ ನೋಡಿದಾಗ ಆ ಎರಡನೇ ಹಾರಾಟ ಇಲ್ಲದಿದ್ದರೂ ಚಿನ್ನ ಬರುತ್ತಿತ್ತು. ಅರ್ಹತೆ ಪಡೆದಿದ್ದ ವೈಯಕ್ತಿಕ ಫೈನಲ್‌ಗಳಲ್ಲಿ ಆಡಲು ಸ್ಟ್ರಗ್ ಅವರಿಗೆ ಆಗಲೇ ಇಲ್ಲ. 2021ರಲ್ಲಿ ಇದೇ ಸ್ಟ್ರಗ್ ಬೈಲ್ಸ್ ಪರವಾಗಿ ನಿಂತರು.

ಇನ್ನೊಂದು ಹೆಸರು ಫಾರ್ವರ್ಡ್‌ಗಳಲ್ಲಿ ಬರುವುದೇ ಇಲ್ಲ. ಎಲೆನಾ ಮುಖಿನಾ ಸೋವಿಯತ್ ಒಕ್ಕೂಟದ ಜಿಮ್ನಾಸ್ಟ್, 1978ರ ವಿಶ್ವ ಚಾಂಪಿಯನ್. 1980ರ ಮಾಸ್ಕೋ ಒಲಿಂಪಿಕ್ಸ್‌ಗೆ ಸುಮಾರು ಎರಡು ವಾರ ಇತ್ತು. ಕಾಲಿನ ಮೂಳೆ ಮುರಿತದಿಂದ ಪೂರ್ತಿ ಚೇತರಿಸಿಕೊಳ್ಳುವ ಮೊದಲೇ ಅವರು ‘ಥಾಮಸ್ ಸಾಲ್ಟೊ’ ಎಂಬ ಅಪಾಯಕಾರಿ ಪಲ್ಟಿಯನ್ನು ಅಭ್ಯಾಸ ಮಾಡುತ್ತಿದ್ದರು. ಸುತ್ತು ಪೂರ್ತಿಯಾಗದೆ ಗಲ್ಲ ನೆಲಕ್ಕೆ ಬಡಿದು ಕುತ್ತಿಗೆ ಮುರಿಯಿತು. ಕೈಕಾಲು ಸ್ವಾಧೀನ ತಪ್ಪಿತು. ಆಗ ಅವರಿಗೆ 20 ವರ್ಷ. 2006ರಲ್ಲಿ ತೀರಿಕೊಳ್ಳುವವರೆಗೂ ಅವರು ಅದೇ ಸ್ಥಿತಿಯಲ್ಲಿದ್ದರು.

‘ಆಗಿನವರು ಬಿಡುತ್ತಿರಲಿಲ್ಲ’ ಎನ್ನುವಾಗ, ‘ಬೇಡ’ ಎನ್ನಲು ಅವರಿಗೆ ಅವಕಾಶವಿತ್ತೇ ಎಂದೂ ಕೇಳಬೇಕು.

ಸೈನಿಕರ ಹೋಲಿಕೆಗೂ ಇದೇ ಉತ್ತರ. ಸೇನೆಯಲ್ಲೂ ಮನೋವೈದ್ಯರಿದ್ದಾರೆ. ತನಗೆ ಆರೋಗ್ಯ ಸರಿಯಿಲ್ಲ ಎಂದು ಗೊತ್ತಿದ್ದೂ ಪೈಲಟ್ ವಿಮಾನ ಹಾರಿಸುವಂತಿಲ್ಲ ಎಂಬುದು ವಾಯುಯಾನದ ನಿಯಮ. ಹಾರಿಸಲು ಒಪ್ಪದ ಪೈಲಟ್‌ನನ್ನು ನಾವು ಹೇಡಿ ಎನ್ನುವುದಿಲ್ಲ.

ಮಾತು 4: ‘ಕೋಟಿ ಕೋಟಿ ದುಡ್ಡಿದ್ದವರಿಗೆ ಎಂಥ ಖಿನ್ನತೆ?’

ದುಡ್ಡಿದ್ದವರಿಗೆ ಸಕ್ಕರೆ ಕಾಯಿಲೆ ಬರುವುದಿಲ್ಲವೇ? ಖಿನ್ನತೆಯೂ ಹಾಗೆಯೇ. ದುಡ್ಡು ಚಿಕಿತ್ಸೆಯನ್ನು ಸುಲಭ ಮಾಡುತ್ತದೆ, ಕಾಯಿಲೆ ಬಾರದಂತೆ ತಡೆಯುವುದಿಲ್ಲ.

2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನಡೆಸಿದ ವಿಶ್ಲೇಷಣೆಯೊಂದರ ಪ್ರಕಾರ, ಸದ್ಯ ಆಡುತ್ತಿರುವ ಉನ್ನತ ಮಟ್ಟದ ಕ್ರೀಡಾಪಟುಗಳಲ್ಲಿ ಸುಮಾರು 34% ಮಂದಿಗೆ ಆತಂಕ ಅಥವಾ ಖಿನ್ನತೆಯ ಲಕ್ಷಣಗಳಿವೆ. ಇಲ್ಲಿ ‘ಲಕ್ಷಣಗಳು’ ಎಂಬ ಪದವನ್ನು ಗಮನಿಸಿ. ಅಷ್ಟೂ ಮಂದಿಗೆ ವೈದ್ಯರು ಕಾಯಿಲೆ ಇದೆ ಎಂದು ಹೇಳಿದ್ದಾರೆ ಎಂದು ಅರ್ಥವಲ್ಲ. ಆದರೂ ಪದಕ, ಹಣ, ಹೆಸರು ಯಾವುದೂ ರಕ್ಷಾಕವಚವಲ್ಲ ಎಂಬುದಕ್ಕೆ ಇದು ಸಾಕು. ಒಲಿಂಪಿಕ್ಸ್‌ನಲ್ಲಿ 23 ಚಿನ್ನ ಸೇರಿ 28 ಪದಕ ಗೆದ್ದ ಈಜುಗಾರ ಮೈಕೆಲ್ ಫೆಲ್ಪ್ಸ್ ಕೂಡ ತಮ್ಮ ಖಿನ್ನತೆಯ ಬಗ್ಗೆ ಬಹಿರಂಗವಾಗಿ ಮಾತನಾಡಿದ್ದಾರೆ.

ನಮ್ಮ ಪಕ್ಕದ ಉದಾಹರಣೆಯೂ ಇದೆ. ಕೊಡಗಿನ ರಾಬಿನ್ ಉತ್ತಪ್ಪ 2007ರ ಟಿ20 ವಿಶ್ವಕಪ್ ಗೆದ್ದ ತಂಡದಲ್ಲಿದ್ದವರು. 2009ರಿಂದ 2011ರ ನಡುವೆ ಖಿನ್ನತೆಯಿಂದ ಬಳಲಿದ್ದಾಗಿ, ಬದುಕು ಮುಗಿಸಿಕೊಳ್ಳುವ ಯೋಚನೆಗಳೂ ಬರುತ್ತಿದ್ದವೆಂದು ಅವರು 2020ರಲ್ಲಿ ಹೇಳಿಕೊಂಡರು. ಆ ವರ್ಷಗಳಲ್ಲಿ ನಾವು ಟಿವಿಯಲ್ಲಿ ನೋಡುತ್ತಿದ್ದುದು ಅವರ ಸಿಕ್ಸರ್‌ಗಳನ್ನು ಮಾತ್ರ.

ಮಾತು 5: ‘ಸೋಲುವ ಭಯಕ್ಕೆ ಇದೊಂದು ನೆಪ’

ಆಸ್ಟ್ರೇಲಿಯಾದ ಗ್ಲೆನ್ ಮ್ಯಾಕ್ಸ್‌ವೆಲ್ 2019ರ ಅಕ್ಟೋಬರ್‌ನಲ್ಲಿ ಮಾನಸಿಕ ಆರೋಗ್ಯದ ಕಾರಣಕ್ಕೆ ಕ್ರಿಕೆಟ್‌ನಿಂದ ಬಿಡುವು ಪಡೆದರು. ನಾಲ್ಕು ವರ್ಷಗಳ ಬಳಿಕ, 2023ರ ವಿಶ್ವಕಪ್‌ನಲ್ಲಿ ಅಫ್ಗಾನಿಸ್ತಾನದ ವಿರುದ್ಧ ಔಟಾಗದೆ 201 ರನ್ ಹೊಡೆದರು. 2024ರಲ್ಲಿ ಆರ್‌ಸಿಬಿಗೆ ಆಡುತ್ತಿದ್ದಾಗ ರನ್ ಬರದೆ, ದೇಹ ಮತ್ತು ಮನಸ್ಸು ದಣಿದಾಗ, ತಮ್ಮ ಬದಲು ಬೇರೆಯವರನ್ನು ಆಡಿಸಿ ಎಂದು ತಾವೇ ಕೇಳಿಕೊಂಡರು. ಬೈಲ್ಸ್ 2023ರಲ್ಲಿ ಮರಳಿ ಬಂದು, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 3 ಚಿನ್ನ, 1 ಬೆಳ್ಳಿ ಗೆದ್ದರು. ತಂಡದ ಫೈನಲ್ ನಡೆದ ದಿನ ಬೆಳಿಗ್ಗೆ ತಮ್ಮ ಮನೋಚಿಕಿತ್ಸಕರ ಜತೆ ಮಾತನಾಡಿದ್ದಾಗಿಯೂ ಹೇಳಿದರು.

ಇಲ್ಲಿ ನಾವು ಒಂದು ಎಚ್ಚರ ವಹಿಸಬೇಕು. ‘ಮರಳಿ ಬಂದು ಗೆದ್ದರು, ಹಾಗಾಗಿ ಅಂದು ಬಿಟ್ಟದ್ದು ಸರಿ’ ಎಂಬ ವಾದವೂ ತಪ್ಪೇ. ಇಂಗ್ಲೆಂಡ್‌ನ ಮಾರ್ಕಸ್ ಟ್ರೆಸ್ಕಾಥಿಕ್ 2006ರಲ್ಲಿ ಭಾರತ ಪ್ರವಾಸವನ್ನು ಅರ್ಧಕ್ಕೇ ಬಿಟ್ಟು ಹೋದರು. ಆಗ ಕೊಟ್ಟ ಕಾರಣಗಳು ಬೇರೆಯೇ ಇದ್ದವು. ಖಿನ್ನತೆ ಎಂಬ ನಿಜವನ್ನು ವಿವರವಾಗಿ ಬರೆದದ್ದು 2008ರ ಆತ್ಮಕಥೆಯಲ್ಲಿ. ಅಂತಾರಾಷ್ಟ್ರೀಯ ಕ್ರಿಕೆಟ್ ಬಿಟ್ಟರೂ ಸಾಮರ್‌ಸೆಟ್ ಪರ 2019ರವರೆಗೆ ಆಡಿದರು. ಅಂತಾರಾಷ್ಟ್ರೀಯ ಕ್ರಿಕೆಟ್ ಬಿಟ್ಟರು ಎಂದ ಮಾತ್ರಕ್ಕೆ ಅವರ ತೀರ್ಮಾನ ತಪ್ಪಾಗುವುದಿಲ್ಲ. ಚಿಕಿತ್ಸೆ ಪಡೆಯಲು ಪದಕ ಗೆಲ್ಲುವ ಷರತ್ತು ಇರಬಾರದು.

ನಿಜವಾದ ಕಾರಣ ಹೇಳಲು ಅವರಿಗೆ ಏಕೆ ಎರಡು ವರ್ಷ ಬೇಕಾಯಿತು? ಉತ್ತರ ಮೇಲಿನ ಐದು ಮಾತುಗಳಲ್ಲೇ ಇದೆ. ಕುಸ್ತಿಪಟು ವಿನೇಶ್ ಫೋಗಟ್ ಕೂಡ ಟೋಕಿಯೊದಲ್ಲಿ ಸೋತು ಬಂದ ಮೇಲೆ ಇದನ್ನೇ ಬರೆದರು: ಬೈಲ್ಸ್ ಹೇಳಿದಂತೆ ಭಾರತದಲ್ಲಿ ಯಾರಾದರೂ ಹೇಳಿ ನೋಡಲಿ ಎಂಬುದು ಅವರ ಮಾತಿನ ಸಾರ.

ಹಾಗಾದರೆ ಟೀಕಿಸಲೇಬಾರದೇ?

ಟೀಕಿಸಬಹುದು. ಆಟ ಸಾರ್ವಜನಿಕವಾದದ್ದು. ಆಟಗಾರರಿಗೆ ಒಪ್ಪಂದಗಳಿವೆ, ಆಯೋಜಕರಿಗೂ ಕಷ್ಟಗಳಿವೆ. 2021ರ ಫ್ರೆಂಚ್ ಓಪನ್‌ನಲ್ಲಿ ಜಪಾನಿನ ಟೆನಿಸ್ ಆಟಗಾರ್ತಿ ನವೋಮಿ ಒಸಾಕಾ ಪತ್ರಿಕಾಗೋಷ್ಠಿಗೆ ಹೋಗುವುದಿಲ್ಲ ಎಂದಾಗ 15,000 ಡಾಲರ್ ದಂಡ ಬಿತ್ತು. ನಂತರ ಅವರು ಟೂರ್ನಿಯಿಂದಲೇ ಹೊರನಡೆದು, 2018ರಿಂದ ಖಿನ್ನತೆಯಿಂದ ಬಳಲುತ್ತಿರುವುದಾಗಿ ತಿಳಿಸಿದರು. ಎಲ್ಲ ಆಟಗಾರರಿಗೂ ಒಂದೇ ನಿಯಮ ಬೇಡವೇ? ಆರೋಗ್ಯದ ಕಾರಣಕ್ಕೆ ವಿನಾಯಿತಿ ಕೊಡುವುದು ಹೇಗೆ? ಇವು ಕೇಳಲೇಬೇಕಾದ ಪ್ರಶ್ನೆಗಳು.

ಆದರೆ ನಿಯಮದ ಬಗ್ಗೆ ಪ್ರಶ್ನೆ ಕೇಳುವುದು ಬೇರೆ, ನಮಗೆ ಕಾಣದ ನೋವನ್ನು ‘ನಾಟಕ’ ಎಂದು ತೀರ್ಪು ಕೊಡುವುದು ಬೇರೆ. ಮೊದಲನೆಯದಕ್ಕೆ ಮಾಹಿತಿ ಬೇಕು. ಎರಡನೆಯದಕ್ಕೆ ಫೋನ್ ಇದ್ದರೆ ಸಾಕು.

ಇದು ನಮಗೇಕೆ ಮುಖ್ಯ?

ಬೈಲ್ಸ್ ನಮ್ಮ ಸಂದೇಶವನ್ನು ಓದುವುದಿಲ್ಲ. ಆದರೆ ನಮ್ಮ ಮನೆಯ ಗ್ರೂಪ್‌ನಲ್ಲಿ ಇರುವವರು ಓದುತ್ತಾರೆ. ಪರೀಕ್ಷೆಯ ಭಯದಲ್ಲಿ ನಿದ್ದೆಗೆಟ್ಟ ಮಗಳು, ಕೆಲಸ ಕಳೆದುಕೊಂಡು ಯಾರಿಗೂ ಹೇಳದ ತಮ್ಮ, ಹೆರಿಗೆಯ ನಂತರ ಸುಮ್ಮಸುಮ್ಮನೆ ಅಳು ಬರುವ ಸೊಸೆ. ‘ಇದೆಲ್ಲ ನೆಪ’ ಎಂದು ಅಪ್ಪನೋ ಮಾವನೋ ಕಳಿಸಿದ್ದನ್ನು ಓದಿದ ಮೇಲೆ ಅವರು ಬಾಯಿ ಬಿಡುತ್ತಾರೆಯೇ?

ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ ವಯಸ್ಕರಲ್ಲಿ 10.6% ಮಂದಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಇತ್ತು. ಬೇರೆ ಬೇರೆ ಸಮಸ್ಯೆಗಳಲ್ಲಿ 70ರಿಂದ 92% ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ವೈದ್ಯರು ಕಡಿಮೆ ಇರುವುದು ಇದಕ್ಕೆ ಒಂದು ಕಾರಣ. ‘ಜನ ಏನೆಂದಾರು’ ಎಂಬ ಅಳುಕು ಇನ್ನೊಂದು. ಮೊದಲನೆಯದನ್ನು ಸರಿಪಡಿಸುವುದು ಸರ್ಕಾರದ ಕೆಲಸ. ಎರಡನೆಯದರಲ್ಲಿ ನಮ್ಮ ಪಾಲೂ ಇದೆ.

ಹಾಗಾಗಿ ಇಂಥ ಸಂದೇಶ ಬಂದಾಗ ಮುಂದೆ ಕಳಿಸುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ:

• ಆ ಆಟಗಾರರು ನಿಜವಾಗಿ ಏನು ಹೇಳಿದರು ಎಂಬುದು ಇದರಲ್ಲಿ ಇದೆಯೇ, ಅಥವಾ ಬೈಗುಳ ಮಾತ್ರ ಇದೆಯೇ?
• ಇದೇ ಆಟಗಾರರು ಮಂಡಿ ನೋವೆಂದು ಬಿಡುವು ಪಡೆದಿದ್ದರೆ ಹೀಗೆಯೇ ಅನ್ನುತ್ತಿದ್ದೆವೇ?
• ನಮ್ಮ ಮನೆಯಲ್ಲೇ ಕಷ್ಟದಲ್ಲಿರುವವರೊಬ್ಬರು ಇದನ್ನು ಓದಿದರೆ ಅವರಿಗೆ ಏನನ್ನಿಸಬಹುದು?

ನಿಮಗಾಗಲಿ, ನಿಮ್ಮವರಿಗಾಗಲಿ ಮನಸ್ಸು ಭಾರವಾಗಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ, ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಫಾರ್ವರ್ಡ್ ಮಾಡುವುದಿದ್ದರೆ ಈ ಸಂಖ್ಯೆಯನ್ನು ಮಾಡಿ.