ಕೂಸು ನೋಡಲು ಹೋಗುವವರಿಗೆ

ಹಸುಗೂಸಿಗೆ ಏನೂ ತಿಳಿಯದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಗರ್ಭದ ಕೊನೆಯ ತಿಂಗಳುಗಳಲ್ಲೇ ಅದಕ್ಕೆ ಕೇಳಿಸುತ್ತದೆ. ಹುಟ್ಟಿ ಮೂರು ದಿನವೂ ತುಂಬದ ಶಿಶುಗಳು ಚೀಪುವ ಲಯ ಬದಲಿಸಿ ತಾಯಿಯ ದನಿಯನ್ನೇ ಆರಿಸಿಕೊಂಡದ್ದನ್ನು ಡಿಕ್ಯಾಸ್ಪರ್ ಮತ್ತು ಫೈಫರ್ 1980ರಲ್ಲೇ ತೋರಿಸಿದ್ದಾರೆ. ಕಣ್ಣಿಗೆ ಮಾತ್ರ 20–30 ಸೆಂ.ಮೀ. ಆಚೆ ಎಲ್ಲವೂ ಮಸುಕು. ಹಾಲು ಕುಡಿಯುವಾಗ ಅಮ್ಮನ ಮುಖ ಇರುವುದೂ ಅಷ್ಟೇ ದೂರದಲ್ಲಿ. ಉಳಿದದ್ದಕ್ಕೆ ಮೂಗು ಇದೆ, ಎದೆಹಾಲಿನ ವಾಸನೆ ಅದಕ್ಕೆ ಗೊತ್ತು.

ನೋಡಲು ಬಂದವರೋ ಅತ್ತರು ಪೂಸಿಕೊಂಡು, ಕೂಸನ್ನು ಕೈಯಿಂದ ಕೈಗೆ ದಾಟಿಸಿ, ಮುಖದ ಮೇಲೆ ಮೊಬೈಲ್ ಹಿಡಿಯುತ್ತಾರೆ. (ಬಂದದ್ದಕ್ಕೆ ಸಾಕ್ಷಿ ಬೇಡವೇ!) ಅಜಾನನ್ನೂ ಅದರ ಕಿವಿಯಲ್ಲಿ ಮೆಲ್ಲಗೇ ಹೇಳುತ್ತೇವಲ್ಲ? ಈ ರಜೆಯಲ್ಲಿ ಹೋದರೆ ಕೈ ತೊಳೆದು, ಐದು ನಿಮಿಷ ಕೂತು ಬನ್ನಿ. ಕೂಸು ಅಮ್ಮನ ಮಡಿಲಲ್ಲೇ ಇರಲಿ.